ಬಾಬಿನ್ ಎಸೆದು ಕರೆಯುವವರು

“ಅವಳ ಪರವಾಗಿ ನೀನೇ ಸಾರಿ ಅಂದ್ಬಿಡು ಯಾಮಿನಿ. ಅವಳಿಗೇನು ಕೇಳ್ಸುತ್ತಾ?”

ಆಶಕ್ಕ ಇದನ್ನು ಹೇಳಿದ್ದು ಗೌರಿಬಿದನೂರಿನ ಹೊರಗಿನ ಗಾರ್ಮೆಂಟ್ಸ್ ಕಾರ್ಖಾನೆಯ ಗೇಟಿನೊಳಗೆ. ಸನಾ ನಮ್ಮಿಬ್ಬರ ನಡುವೆಯೇ ನಿಂತಿದ್ದಳು. ಆಶಕ್ಕ ದನಿ ತಗ್ಗಿಸಲಿಲ್ಲ. ಸನಾಳ ತಲೆಯ ಮೇಲಿಂದ ನನ್ನೊಡನೆ ಮಾತಾಡಿದರು. ಮಾತು ಮುಗಿದ ಮೇಲೆ ಅವಳ ಕೆನ್ನೆ ತಟ್ಟಿ ನಕ್ಕರು. ಕೆನ್ನೆ ತಟ್ಟಿಸಿಕೊಳ್ಳುವ ವಯಸ್ಸಲ್ಲ ಸನಾಳದು. ಅವಳು ನನಗಿಂತ ಒಂದು ವರ್ಷಕ್ಕಷ್ಟೇ ಚಿಕ್ಕವಳು.

ಸನಾ ನನ್ನತ್ತ ತಿರುಗಿ ಹುಬ್ಬೆತ್ತಿದಳು. ಏನಂತೆ?

“ಆಮೇಲೆ” ಎಂದೆ ಕೈಯಲ್ಲಿ.

ಅವಳ ಮುಖ ಕಪ್ಪಿಟ್ಟಿತು. ಕಿವಿ ಕೇಳುವವರು ಕೇಳದವರಿಗೆ ದಿನಕ್ಕೆ ಹತ್ತು ಬಾರಿ ಹೇಳುವ ಮಾತು ಅದು. ಆಮೇಲೆ ಹೇಳ್ತೀನಿ. ಏನಿಲ್ಲ ಬಿಡು. ನಾನು ಹಾಗೆ ಹೇಳುವವಳಲ್ಲ ಎಂದು ಅವಳು ನಂಬಿದ್ದಳು.

ಒಳಗೆ ವಿಚಾರಣೆ ಇತ್ತು. ಸನಾ ಸೂಪರ್‌ವೈಸರನ ಕ್ಷಮೆ ಕೇಳಿದರೆ ಅವತ್ತೇ ಮೆಷಿನ್ನಿಗೆ ಮರಳಬಹುದು. ಕೇಳದಿದ್ದರೆ ಕೆಲಸವಿಲ್ಲ. ಅವಳು ಷರ್ಟಿನ ಕಾಲರ್ ಹೊಲಿಯುತ್ತಿದ್ದಳು. ಮನೆಯ ಹೊರಗೆ ತನ್ನದೆಂದು ಅವಳಿಗಿದ್ದ ಒಂದೇ ಜಾಗ ಆ ಮೆಷಿನ್ನಿನ ಮುಂದಿನ ಸ್ಟೂಲು. ಅದಕ್ಕೆ ಹಳೆಯ ದುಪಟ್ಟಾ ಸುತ್ತಿ ಮೆತ್ತೆ ಮಾಡಿಕೊಂಡಿದ್ದಳು.

ಆಶಕ್ಕ ನಡೆಸುವ ಸ್ವಯಂಸೇವಕರ ಬಳಗಕ್ಕೆ ನಾನು ಸೇರಿದ್ದು ಸೇವೆಯ ಆಸೆಯಿಂದಲ್ಲ. ಚಿಂತಾಮಣಿಯಲ್ಲಿ ನನ್ನ ಗಂಡನ ವೈಕುಂಠ ಸಮಾರಾಧನೆಯ ದಿನ, ಊಟವಾದ ಮೇಲೆ, ಮಾವ ಮುನಿನಾರಾಯಣಪ್ಪನವರು ನೆಂಟರ ಮುಂದೆ “ಸೊಸೆ ತವರಿಗೆ ಹೋಗ್ತೀನಿ ಅಂತವ್ಳೆ. ಬೇಡ ಅನ್ನಕ್ಕಾಗತ್ತಾ ನಾವು?” ಎಂದರು. ನಾನು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದೆ. ಹಾಗೆ ಹೇಳಿರಲಿಲ್ಲ. ಏನನ್ನೂ ಹೇಳಿರಲಿಲ್ಲ. ನೆಂಟರೆಲ್ಲ ತಲೆದೂಗಿದರು, ಒಬ್ಬರು ಎಲೆ ಅಡಿಕೆ ಕೇಳಿದರು. ಎಂ.ಎ. ಓದಿದ್ದೆ. ಎರಡು ಕಿವಿಯೂ ಚೆನ್ನಾಗಿದ್ದವು. ಬಾಯಿಯೂ ಇತ್ತು. ಮರುದಿನ ಗೌರಿಬಿದನೂರಿನ ಬಸ್ಸು ಹತ್ತಿದೆ.

ಅಮ್ಮ ಓಬಳಮ್ಮ ವರ್ಷವಿಡೀ ಸುಮ್ಮನಿದ್ದು, ಒಂದು ಭಾನುವಾರ “ಗೋಡೆ ನೋಡ್ಕಂಡು ಎಷ್ಟು ದಿನ ಕೂತಿರ್ತೀಯಮ್ಮಾ? ಆ ಗೋಡೆಗೂ ಬೇಜಾರಾಗಿರತ್ತೆ. ಪಕ್ಕದ ಬೀದಿ ಆಶಾರಾಣಿ ಅಲೀಪುರಕ್ಕೆ ಹೋಗ್ತಾಳಂತೆ, ಜೊತೇಲಿ ಹೋಗ್ಬಾ” ಎಂದರು. ಹೋದೆ.

ಅಲೀಪುರದಲ್ಲಿ ಕಿವಿ ಕೇಳದವರು ಒಂದೆರಡು ಮನೆಯಲ್ಲಲ್ಲ, ಹಲವು ಮನೆಗಳಲ್ಲಿದ್ದಾರೆ. ಹಾಗಾಗಿ ಕೈಮಾತು ಅಲ್ಲಿ ಅಂಗಡಿಯವನಿಗೂ ಬರುತ್ತದೆ, ಬಾಗಿಲಲ್ಲಿ ಕೂತ ಅಜ್ಜಿಗೂ ಬರುತ್ತದೆ. ಚಹಾ ಹೇಳುವವನು ಬೀದಿಯ ಆಚೆಯಿಂದ ಕೈಯೆತ್ತಿ ಹೇಳುತ್ತಾನೆ, ಸಕ್ಕರೆ ಎಷ್ಟೆಂಬುದನ್ನೂ ಸೇರಿಸಿ. ಆ ಊರಿಗೆ ನಾವು ಬ್ಯಾನರ್ ಕಟ್ಟಿಕೊಂಡು, ಬಿಸ್ಕತ್ತಿನ ಪೊಟ್ಟಣ ಹೊತ್ತುಕೊಂಡು, ‘ಮಾತು ಬಾರದವರ ಜೊತೆ ಗೆಳೆತನ’ ಮಾಡಲು ಹೋದೆವು. ಆ ಬೀದಿಯಲ್ಲಿ ಮಾತು ಬಾರದವರೆಂದರೆ ನಾವು ಮಾತ್ರ.

ಆಶಕ್ಕ ನಮ್ಮನ್ನು ಒಬ್ಬೊಬ್ಬ ಕಿವುಡರ ಪಕ್ಕ ನಿಲ್ಲಿಸಿ, ಹೆಗಲ ಮೇಲೆ ಕೈ ಹಾಕಿಸಿ ಫೋಟೋ ತೆಗೆದರು. ನನ್ನ ಪಾಲಿಗೆ ಬಂದವಳು ಸನಾ. ಫೋಟೋ ಮುಗಿದ ತಕ್ಷಣ ಅವಳು ನನ್ನ ಕೈಯನ್ನು ಹೆಗಲಿನಿಂದ ಎತ್ತಿ, ಸಾಮಾನು ವಾಪಸು ಕೊಡುವಂತೆ ನನಗೇ ಕೊಟ್ಟಳು.

ಕಿವುಡರು ನಮಗೆಲ್ಲ ಹೆಸರಿಟ್ಟರು, ಕೈಯ ಹೆಸರು. ಆಶಕ್ಕನದು ಫೋನು ಹಿಡಿದು ಹೆಬ್ಬೆರಳಿನಿಂದ ಒತ್ತುವುದು. ಅದಕ್ಕೆ ‘ನಾಯಕಿ’ ಎಂದು ಅರ್ಥವಿರಬೇಕೆಂದು ಅವರು ಇವತ್ತಿಗೂ ತಿಳಿದಿದ್ದಾರೆ. ನನ್ನದು ಹೆಬ್ಬೆರಳಿನಿಂದ ಹಣೆ ಒರೆಸಿಕೊಳ್ಳುವುದು. ಕುಂಕುಮವಿಲ್ಲದವಳು. ನಮ್ಮ ಬೀದಿಯ ಹೆಂಗಸರು ನನ್ನ ಹಣೆಯನ್ನು ನೋಡದಂತೆ ನೋಡಿ, ಬಿಸಿಲಿನ ಮಾತಾಡಿ ಹೋಗುತ್ತಿದ್ದರು. ಸನಾ ನೋಡಿದ್ದನ್ನೇ ಹೆಸರು ಮಾಡಿ ಕರೆದಳು. ನನಗೆ ನೋವಾಗಲಿಲ್ಲ. ಮುಂದಿನ ಭಾನುವಾರ ಆಶಕ್ಕ ಬರಲಿಲ್ಲ, ನಾನು ಒಬ್ಬಳೇ ಹೋದೆ.

ಅವಳಿಗೆ ನಾನು ಕನ್ನಡದಲ್ಲಿ ಮೆಸೇಜು ಬರೆಯುವುದನ್ನು ಕಲಿಸಿದೆ. ಅವಳು ನನಗೆ ಕೈ ಕಲಿಸಿದಳು. ಕೆಟ್ಟ ಮೇಷ್ಟ್ರು. ತಪ್ಪಿದರೆ ಮೊಣಕೈಗೆ ಹೊಡೆಯುತ್ತಿದ್ದಳು.

“ಬೆರಳು ಸರಿ ಇದೆ, ಮುಖ ಸತ್ತಿದೆ” ಎನ್ನುತ್ತಿದ್ದಳು. “ಮುಖ ಇಲ್ಲದೆ ಮಾತಾಡಿದ್ರೆ ಯಾರಿಗೆ ಅರ್ಥ ಆಗತ್ತೆ? ಸಿಟ್ಟು ತೋರ್ಸು.”

ನಾನು ತೋರಿಸುತ್ತಿದ್ದೆ.

“ಇದು ಹಲ್ಲುನೋವು.”

ಅವಳ ತಾಯಿ ಶಮ್ಸುನ್ನೀಸಾ ಒಲೆಯ ಮುಂದೆ ಕೂತು ನಗುತ್ತಿದ್ದರು. ಹೊರಗೆ ತಂದೆ ಅಮಾನುಲ್ಲಾ ಹರಳು ಉಜ್ಜುವ ಚಕ್ರ ನಿಲ್ಲಿಸಿ, “ಬಿಡು ಬೇಟಿ, ಪಾಪ, ಹಲ್ಲು ಬಿದ್ದೋಗತ್ತೆ” ಎಂದು ಬಾಯಲ್ಲೂ ಕೈಯಲ್ಲೂ ಹೇಳುತ್ತಿದ್ದರು.

ಸನಾಳನ್ನೂ ಊರಿನ ಇನ್ನೂ ಕೆಲವು ಕಿವುಡರನ್ನೂ ಕಾರ್ಖಾನೆಗೆ ಸೇರಿಸಿದ್ದು ನಮ್ಮ ಬಳಗವೇ. ಅದು ಒಳ್ಳೆಯ ಕೆಲಸ, ಅದನ್ನು ಅಲ್ಲಗಳೆಯುವುದಿಲ್ಲ. ಸೇರಿದ ದಿನ ಸೂಪರ್‌ವೈಸರುಗಳಿಗೆ ನಾನೇ ಅರ್ಧ ದಿನ ಪಾಠ ಹೇಳಿದೆ. ಕರೆಯಬೇಕಾದರೆ ಎದುರಿಗೆ ಬನ್ನಿ. ಕೈ ಬೀಸಿ. ಇಲ್ಲವೇ ಹೆಗಲು ಮುಟ್ಟಿ. ಇಷ್ಟೇ ಇದ್ದದ್ದು. ಲೈನ್ ಸೂಪರ್‌ವೈಸರ್ ಕನಕರಾಜ್ ಮುಂದಿನ ಸಾಲಿನಲ್ಲಿ ಕೂತು ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಸಮೋಸ ಎರಡು ತಿಂದ.

ಅವನು ಸನಾಳನ್ನು ಬಾಬಿನ್ ಎಸೆದು ಕರೆಯುತ್ತಿದ್ದ.

ಬಾಬಿನ್ ಎಂದರೆ ಹೊಲಿಗೆ ಮೆಷಿನ್ನಿನ ಕೆಳಗೆ ಕೂರುವ, ದಾರ ಸುತ್ತಿದ ಕಬ್ಬಿಣದ ಪುಟ್ಟ ಗಾಲಿ. ಕೈಯಲ್ಲಿಟ್ಟರೆ ಭಾರವಿಲ್ಲ. ದೂರದಿಂದ ಎಸೆದರೆ ಬೇರೆ ಮಾತು. ಮೊದಮೊದಲು ಬೆನ್ನಿಗೆ ತಾಗುತ್ತಿತ್ತು, ಅಕ್ಕಪಕ್ಕದವರು ನಗುತ್ತಿದ್ದರು. ಆ ದಿನ ಎಡಗಿವಿಯ ಹಿಂದೆ ತಾಗಿತು. ಕಾಲರಿನ ಮೇಲೆ ರಕ್ತ ಬಿತ್ತು. ಸನಾ ಎದ್ದು, ಅದೇ ಬಾಬಿನ್ನನ್ನು ನೆಲದಿಂದ ಆರಿಸಿ, ತಿರುಗಿ ಎಸೆದಳು. ಅವನ ತುಟಿ ಒಡೆಯಿತು.

ಅವಳ ರಕ್ತ ‘ಅಜಾಗರೂಕತೆ’ಯಾಯಿತು. ಅವನ ತುಟಿ ‘ಹಲ್ಲೆ’ಯಾಯಿತು.

ಎಚ್ಆರ್ ಗಂಗಾಧರ್ ಅವರ ಕೋಣೆಯಲ್ಲಿ ಎಸಿ ಇತ್ತು. ಗಾಜಿನ ಗೋಡೆಯಾಚೆ ಮೆಷಿನ್ನುಗಳ ಸಾಲು ಕಾಣುತ್ತಿತ್ತು. ಅವರ ಹಿಂದೆ ನಮ್ಮ ಬಳಗದ್ದೇ ಪೋಸ್ಟರು, ಅದರಲ್ಲಿ ಸನಾ ನಗುತ್ತಿದ್ದಳು. ಕನಕರಾಜ್ ತುಟಿಗೆ ಹತ್ತಿ ಒತ್ತಿಕೊಂಡು ಕೂತಿದ್ದ, ಆಗಲೇ ಮೂರು ದಿನವಾಗಿದ್ದರೂ. ಸನಾ ದುಪಟ್ಟಾ ಕಿವಿಯ ಮೇಲಿಂದ ಹೊದ್ದಿದ್ದಳು.

“ನೋಡಿ ಮೇಡಂ, ಇಂಥೋರಿಗೆ ಕೆಲ್ಸ ಕೊಟ್ಟಿರೋದು ತಾಲ್ಲೂಕಲ್ಲೇ ನಾವು” ಎಂದು ಗಂಗಾಧರ್ ಶುರುಮಾಡಿದರು. “ಹಾಗಂತ ಡಿಸಿಪ್ಲಿನ್ ಬಿಡಕ್ಕಾಗಲ್ಲ. ಕನಕರಾಜ್, ನೀವು ಹೇಳಿ.”

“ಕೂಗಿದ್ರೆ ಕೇಳ್ಸಲ್ಲ ಸಾರ್. ಇನ್ಹೆಂಗೆ ಕರೀಲಿ? ಟಾರ್ಗೆಟ್ ಟೈಮಲ್ಲಿ ಲೈನ್ ಉದ್ದಕ್ಕೂ ನಡ್ಕಂಡ್ ಹೋಗಕ್ಕಾಗತ್ತಾ? ಪ್ರೀತಿಯಿಂದ ಎಸೀತಿದ್ದೆ ಸಾರ್. ನನ್ನ ತಂಗಿ ಥರ ಅವಳು.”

ನಾನು ಅದನ್ನು ಸನಾಳಿಗೆ ಹೇಳಿದೆ. ಅವಳು ಕೈಯಾಡಿಸಿದಳು. ಅವಳ ಕೈ ಹೇಳಿದ್ದನ್ನು ನಾನು ಬಾಯಲ್ಲಿ ಹೇಳಿದೆ.

“ಸ್ವಂತ ತಂಗಿಗೂ ಎಸೀತಾನಾ ಕೇಳು.”

ಕನಕರಾಜ್ ಹತ್ತಿ ತೆಗೆದು ನೋಡಿ ಮತ್ತೆ ಒತ್ತಿಕೊಂಡ. ಗಂಗಾಧರ್ ಕೆಮ್ಮಿದರು.

ಸನಾ ಮುಂದುವರಿಸಿದಳು. ನಿಧಾನವಾಗಿ, ನನಗೆ ಒಂದೂ ತಪ್ಪದಂತೆ. ದಿನವೂ ಎಸೀತಾನೆ. ನಾಯಿಗೆ ಕಲ್ಲು ಎಸೆದ ಹಾಗೆ. ನಾಯಿಯಾದರೆ ಓಡಿಹೋಗತ್ತೆ, ನಾನು ತಿರುಗಿ ನೋಡಬೇಕು, ನೋಡಿ ತಲೆಯಾಡಿಸಬೇಕು. ನಮ್ಮೂರಲ್ಲಿ ಎರಡು ವರ್ಷದ ಮಗುವೂ ನನ್ನನ್ನು ಕರೆಯುತ್ತೆ. ಬಂದು ಸೆರಗು ಎಳೆಯುತ್ತೆ. ಇವನಿಗೆ ಕಾಲಿಲ್ಲವಾ?

ನಾನು ಅಷ್ಟನ್ನೂ ಹೇಳಿದೆ. ಹೇಳುತ್ತ ನನ್ನ ದನಿ ಏರಿತು. ಅವಳ ಮುಖದಲ್ಲಿದ್ದುದನ್ನು ಬಿಟ್ಟು ಬರೀ ಬೆರಳಿನಲ್ಲಿದ್ದುದನ್ನು ಹೇಳಿದರೆ ಅದು ಅವಳ ಮಾತಾಗುತ್ತಿರಲಿಲ್ಲ.

ಆಶಕ್ಕ ನಡುವೆ ಬಾಯಿ ಹಾಕಿದರು. “ಸಾರ್, ಅವಳು ಹೇಳ್ತಿರೋದು ಏನಂದ್ರೆ, ಅವಳಿಗೂ ತುಂಬಾ ಬೇಜಾರಾಗಿದೆ. ಆವೇಶದಲ್ಲಿ ತಪ್ಪಾಗೋಯ್ತು ಅಂತ—”

ಆಶಕ್ಕನಿಗೆ ಕೈಮಾತಿನ ಒಂದು ಪದವೂ ಬರುವುದಿಲ್ಲ. ನೀರು ಎನ್ನಲೂ ಬರುವುದಿಲ್ಲ.

ಚಿಂತಾಮಣಿಯ ಆ ಕಂಬ ನನ್ನ ಬೆನ್ನಿಗೆ ಒತ್ತಿದಂತಾಯಿತು. ಅಂತವ್ಳೆ. ಹೇಳ್ತಿರೋದು ಏನಂದ್ರೆ. ಹೀಗೇ ಅಲ್ಲವೇ ಇವರು ಎಲ್ಲರನ್ನೂ ಮುಗಿಸುವುದು, ನಾವು ಎದುರಲ್ಲೇ ಕೂತಿರುವಾಗ?

“ಅವಳು ಹಾಗೆ ಹೇಳ್ಲಿಲ್ಲ” ಎಂದೆ.

“ಯಾಮಿನಿ.”

“ಅವಳು ಹೇಳಿದ್ದನ್ನ ನಾನು ಹೇಳಿದೀನಿ ಆಶಕ್ಕ. ಅದರಲ್ಲಿ ಬೇಜಾರು ಅನ್ನೋ ಮಾತಿರಲಿಲ್ಲ.”

ಗಂಗಾಧರ್ ಗಡಿಯಾರ ನೋಡಿದರು. “ಸರಿ, ಸರಿ. ಒಂದೇ ಒಂದ್ಸಲ ಸಾರಿ ಅನ್ನಿಸಿ, ಮುಗೀತು. ಈಗಲೇ ಹೋಗಿ ಮೆಷಿನ್ ಮೇಲೆ ಕೂತ್ಕೊಳ್ಲಿ.”

ಮೂವರೂ ನನ್ನ ಬಾಯಿಯನ್ನೇ ನೋಡಿದರು, ಸನಾಳನ್ನಲ್ಲ. ಒಂದು ಪದ. ನನ್ನ ಬಾಯಿಂದ ಬಂದರೆ ಸಾಕಿತ್ತು. ಅವಳು ಹೋಗಿ ಆ ದುಪಟ್ಟಾದ ಮೆತ್ತೆಯ ಮೇಲೆ ಕೂರುತ್ತಿದ್ದಳು, ಗೆದ್ದೆ ಎಂದುಕೊಳ್ಳುತ್ತಿದ್ದಳು. ಆ ಪದ ನನ್ನ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅವಳು ಮಾತ್ರ ಬಾಯಿಯನ್ನಲ್ಲ, ನನ್ನ ಕೈಗಳನ್ನು ನೋಡುತ್ತಿದ್ದಳು.

ಕೈಯಲ್ಲೇ ಕೇಳಿದೆ. “ಸಾರಿ ಕೇಳು ಅಂತಾರೆ. ಕೇಳಿದ್ರೆ ಕೆಲಸ ಇರತ್ತೆ. ಇಲ್ಲಾಂದ್ರೆ ಇವತ್ತಿಗೆ ಕೊನೆ. ನಿನ್ನಿಷ್ಟ.”

ಅವಳು ಗಾಜಿನಾಚೆ ತನ್ನ ಸ್ಟೂಲನ್ನು ನೋಡಿದಳು. ಅಲ್ಲಿ ಆಗಲೇ ಬೇರೆ ಯಾರೋ ಕೂತಿದ್ದರು. ಬಹಳ ಹೊತ್ತು ನೋಡಿದಳು. ಆಮೇಲೆ ತಿರುಗಿದಳು.

“ಮೊದ್ಲು ಅವನು” ಎಂದು ಅವಳ ಮಾತನ್ನು ನಾನು ಹೇಳಿದೆ. “ನನ್ನ ಎದುರಿಗೆ ಬಂದು ನಿಂತು. ಆಮೇಲೆ ನಾನೂ ಕೇಳ್ತೀನಿ.”

“ನಾನಾ?” ಕನಕರಾಜ್ ಎದ್ದೇ ನಿಂತ. “ಈ ಮೂಗಿಗಾ?”

ತಂಗಿ ಎಂದವನು. ಗಂಗಾಧರ್ ಅವನನ್ನು ಗದರಲಿಲ್ಲ. “ಹಾಗಾದ್ರೆ ನಾಳೆಯಿಂದ ಬರೋದು ಬೇಡ ಅಂತ ಹೇಳ್ಬಿಡಿ ಮೇಡಂ” ಎಂದರು. ಅದನ್ನೂ ನಾನೇ ಹೇಳಬೇಕಾಯಿತು.

ಕಾರಿನ ಬಳಿ ಆಶಕ್ಕ ನನ್ನ ಮೇಲೆ ಹರಿಹಾಯ್ದರು. “ಒಂದು ಪದ ಕಣಮ್ಮಾ! ಅಷ್ಟು ಓದಿದ್ದು ಇದಕ್ಕಾ? ಆ ಹುಡುಗಿ ಅನ್ನಕ್ಕೆ ಮಣ್ಣು ಹಾಕ್ದೆ. ಇನ್ನು ಯಾವ ಕಂಪ್ನಿಯೋರು ನಮ್ಮನ್ನ ಒಳಗೆ ಬಿಟ್ಕೊತಾರೆ? ನಿನಗೇನು, ಕಳ್ಕೊಳಕ್ಕೆ ಏನೂ ಉಳಿದಿಲ್ಲ.”

ಅವರು ನಮ್ಮಿಬ್ಬರನ್ನೂ ಅಲ್ಲೇ ಬಿಟ್ಟು ಹೋದರು. ಬಸ್ ಸ್ಟಾಪ್ ತಲುಪುವ ಹೊತ್ತಿಗೆ ಬಳಗದ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದಾಗಿತ್ತು.

ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತು, ಗೇಟಿನಲ್ಲಿ ಆಶಕ್ಕ ಅಂದದ್ದನ್ನು ಸನಾಳಿಗೆ ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ.

ಅವಳು ನನ್ನ ಹೆಗಲಿಗೆ ಬಲವಾಗಿ ಹೊಡೆದಳು. “ಇದಕ್ಕೆ ಆಮೇಲೆ ಅಂದ್ಯಾ? ಇನ್ನೊಂದ್ಸಲ ನನಗೆ ಆಮೇಲೆ ಅನ್ಬೇಡ.”

“ಅನ್ನಲ್ಲ.”

“ನೀನು ಬಾಯಲ್ಲಿ ಸಾರಿ ಅಂದಿದ್ರೆ?”

“ಕೆಲಸ ಇರ್ತಿತ್ತು.”

“ನನಗೆ ಗೊತ್ತಾಗ್ತಿತ್ತಾ?”

“ಇಲ್ಲ.”

ಅವಳು ರಸ್ತೆ ನೋಡಿದಳು. ಒಂದು ಲಾರಿ ಹೋಯಿತು, ಅದರ ಹಿಂದೆ ಧೂಳು. “ಅವನಿಗೆ ಗೊತ್ತಿರ್ತಿತ್ತು” ಎಂದಳು. “ದಿನಾ ನನ್ನ ನೋಡಿ ನಗ್ತಿದ್ದ. ಯಾಕೆ ನಗ್ತಾನೆ ಅಂತ ನಾನು ಯೋಚಿಸ್ತಾ ಇರ್ತಿದ್ದೆ.” ನನ್ನ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡಳು. “ಒಳಗೆ ನಿನ್ನ ಮುಖ ನೋಡಿದೆ. ಹಲ್ಲುನೋವಲ್ಲ.”

ಮತ್ತೆ ಎದ್ದಳು. “ಅಬ್ಬಾಗೆ ಹೇಳ್ಬೇಕು. ನೀನೂ ಬಾ.”

ಅಲೀಪುರದ ಮನೆಯಲ್ಲಿ ಅಮಾನುಲ್ಲಾ ಚಕ್ರ ನಿಲ್ಲಿಸಿ ಎಲ್ಲವನ್ನೂ ನೋಡಿದರು. ಸನಾ ಹೇಳುತ್ತಿದ್ದಳು, ಅವರು ನೋಡುತ್ತಿದ್ದರು. ಅಲ್ಲಿ ನನ್ನಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ. ಕೊನೆಗೆ ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. “ನೀನು ಓದಿದೋಳು ಅಮ್ಮಾ, ಹೇಳು. ಒಂದು ಮಾತು ಅಂದ್ರೆ ಏನು ಹೋಗ್ತಿತ್ತು? ಬಡವರಿಗೆ ಇಷ್ಟು ಸಿಟ್ಟು ಆಗತ್ತಾ?”

ಶಮ್ಸುನ್ನೀಸಾ ಮಗಳ ಬಳಿ ಬಂದು ದುಪಟ್ಟಾ ಸರಿಸಿ, ಎಡಗಿವಿಯ ಹಿಂದಿನ ಕೂದಲು ಎತ್ತಿ ನೋಡಿದರು. ಬಾಗಿಲು ತಾಗಿತು ಎಂದು ಸನಾ ಮನೆಯಲ್ಲಿ ಹೇಳಿದ್ದಳಂತೆ. ತಾಯಿ ಅವಳ ತಲೆಯನ್ನು ಗಂಡನ ಕಡೆ ತಿರುಗಿಸಿ ಹಾಗೆಯೇ ಹಿಡಿದುಕೊಂಡರು. ಅಮಾನುಲ್ಲಾ ನೋಡಿದರು. ಕೈಯಲ್ಲಿದ್ದ ಹರಳನ್ನು ತಟ್ಟೆಗೆ ಹಾಕಿ ಹೊರಗೆ ಹೋದರು.

ಸಂಜೆಯ ನಮಾಜಿನ ಹೊತ್ತು ಕಳೆದಿತ್ತು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಅಮಾನುಲ್ಲಾರ ಸುತ್ತ ಕೈಗಳು ಆಡುತ್ತಿದ್ದುದು ಬಾಗಿಲಿನಿಂದ ಕಾಣುತ್ತಿತ್ತು. ಆಮೇಲೆ ಒಬ್ಬೊಬ್ಬರಾಗಿ ಮನೆಗೆ ಬಂದರು, ಅದೇ ಕಾರ್ಖಾನೆಗೆ ಹೋಗುವ ಕಿವುಡರು. ಕಟಿಂಗ್ ಸೆಕ್ಷನ್ನಿನ ಬಬ್ಲು, ಎರಡು ಮಕ್ಕಳ ತಂದೆ, ಅಂಗಿ ಎತ್ತಿ ಬೆನ್ನಿನ ಕಲೆ ತೋರಿಸಿದ. ಗುಂಡಿ ಹಾಕುವ ಹೆಂಗಸು ಹೆಗಲು ತೋರಿಸಿದಳು. ಯಾರೂ ಯಾರಿಗೂ ಹೇಳಿರಲಿಲ್ಲ. ಒಬ್ಬರು ಮೆಟ್ಟಿಲು ಅಂದಿದ್ದರು, ಇನ್ನೊಬ್ಬರು ಬಸ್ಸಿನ ಕಂಬಿ. ಕೆಲಸ ಹೋಗದಿರಲೆಂದು ಇಡೀ ಊರಿನ ಕೈಗಳು ಇದೊಂದು ವಿಷಯದಲ್ಲಿ ಮೂಕವಾಗಿದ್ದವು.

ಕನಕರಾಜ್ ಒಬ್ಬನೇ ಅಲ್ಲ, ಬೇರೆ ಲೈನಿನ ಸೂಪರ್‌ವೈಸರುಗಳೂ ಎಸೆಯುತ್ತಿದ್ದರು. ನನ್ನ ಪಾಠ ಕೇಳಿ ತಲೆಯಾಡಿಸಿದವರೇ ಎಲ್ಲರೂ.

ಅಮ್ಮನಿಗೆ ಫೋನು ಮಾಡಿ, ಇವತ್ತು ಇಲ್ಲೇ ಇರುತ್ತೇನೆ ಎಂದೆ.

“ಅಲ್ಲೇ? ಅವರ ಮನೇಲಾ?” ಎಂದರು ಓಬಳಮ್ಮ. ಹಿಂದೆ ಟಿವಿಯ ಸದ್ದು ನಿಂತಿತು. “ಏನೋ ಆಗಿದೆ ನಿನ್ನ ದನೀಲಿ. ಒಳ್ಳೇದೇ ಇರ್ಲಿ ಬಿಡು. ಊಟ ಮಾಡು.”

ಬೆಳಗ್ಗೆ ಕಾರ್ಖಾನೆಯ ವ್ಯಾನು ಎಂದಿನಂತೆ ಬಂದು ನಿಂತಿತು. ಕೆಲಸಕ್ಕೆ ಹೋಗುವವರೆಲ್ಲ ಊಟದ ಡಬ್ಬಿ ಹಿಡಿದು ಬಂದಿದ್ದರು. ಕಿವುಡರು, ಕಿವಿ ಕೇಳುವ ಅಕ್ಕತಂಗಿಯರು, ಎಲ್ಲ. ಯಾರೂ ಹತ್ತಲಿಲ್ಲ. ಡ್ರೈವರ್ ಚಿರಂಜೀವಿ ಹಾರ್ನ್ ಒತ್ತಿದ. ಮತ್ತೆ ಒತ್ತಿದ. ಕೈ ತೆಗೆಯದೆ ಒತ್ತಿ ಹಿಡಿದ. ನಾಯಿಗಳು ಎದ್ದು ಓಡಿದವು.

“ಯಾರಿಗಪ್ಪಾ ಅದು?” ಎಂದು ಅಮಾನುಲ್ಲಾ ಕೇಳಿದರು. “ಅವರಿಗೆ ಕೇಳಲ್ಲ. ನಮಗೆ ಕೇಳ್ತಾ ಇದೆ, ನಾವು ಬರಲ್ಲ.”

ಚಿರಂಜೀವಿ ಇಳಿದು ಬಂದು ನನ್ನ ಬಳಿ ಗೊಣಗಿದ. “ಏನಕ್ಕಾ ಇದು? ನನ್ ಮೇಲೆ ಯಾಕೆ? ನಾನೇನು ಎಸೆದಿಲ್ಲ ಯಾರ್ಗೂ.” ಹಾಗೆಂದು ಯಾರಿಗೋ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ನನ್ನ ಫೋನು ಮೊಳಗಿತು. ಆಶಕ್ಕ.

“ಅಲ್ಲೇ ಇದೀಯಂತೆ. ಏನ್ ಮಾಡಿಟ್ಟಿದೀಯ? ಗಂಗಾಧರ್ ಸಾರ್ ಫೋನ್ ಮೇಲೆ ಫೋನ್ ಮಾಡ್ತವ್ರೆ, ಲೈನೆಲ್ಲ ಖಾಲಿ. ವ್ಯಾನ್ ಹತ್ತಕ್ಕೆ ಹೇಳು. ನೀನ್ ಹೇಳಿದ್ರೆ ಕೇಳ್ತಾರೆ.”

“ಅವರಿಗೇನು ಕೇಳ್ಸುತ್ತಾ ಆಶಕ್ಕ?”

“ಯಾಮಿನಿ!” ಎಂದರು.

“ಆದ್ರೂ ಹೇಳ್ತೀನಿ. ಲೈನಲ್ಲೇ ಇರಿ” ಎಂದೆ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಅವರು ಅಂದದ್ದನ್ನೆಲ್ಲ ಕೈಯಲ್ಲಿ ಹೇಳಿದೆ. ‘ಏನ್ ಮಾಡಿಟ್ಟಿದೀಯ’ ಎಂಬುದನ್ನೂ ಬಿಡಲಿಲ್ಲ. ಆಶಕ್ಕನ ಹೆಸರು ಹೇಳಲು ಹೆಬ್ಬೆರಳು ಒತ್ತಿದಾಗ ಒಂದಿಬ್ಬರು ನಕ್ಕರು.

ಮೊದಲು ಬಬ್ಲು ಹೇಳಿದ. ಆಮೇಲೆ ಗುಂಡಿ ಹಾಕುವ ಹೆಂಗಸು. ಆಮೇಲೆ ಸನಾ. ಮೂವರ ಮಾತೂ ಒಂದೇ ಆಗಿತ್ತು. ನಾನು ಅದನ್ನು ಮೂರು ಸಲವೂ ಹೇಳಿದೆ.

“ಕರೆಯೋರು ಇಲ್ಲಿಗೆ ಬರ್ಲಿ. ಎದುರಿಗೆ ನಿಂತು ಕರೀಲಿ.”

“ಇದು ಅವರು ಹೇಳಿದ್ದೋ, ನೀನು ಹೇಳಿದ್ದೋ?” ಎಂದರು ಆಶಕ್ಕ.

“ಅವರು ಹೇಳಿದ್ದು. ನಾನು ಹೇಳೋದು ಬೇರೆ ಇದೆ. ಕೇಳ್ತೀರಾ?”

ಅವರು ಹೂಂ ಎನ್ನಲಿಲ್ಲ, ಫೋನು ಇಡಲೂ ಇಲ್ಲ. ಸನಾ ನನ್ನ ಎದುರಿಗೆ ಬಂದು ನಿಂತು ಹುಬ್ಬೆತ್ತಿದಳು. ಫೋನನ್ನು ಎಡಗೈಗೆ ಬದಲಾಯಿಸಿಕೊಂಡೆ. ಕೈಮಾತಿಗೆ ಬಲಗೈ ಬೇಕಿತ್ತು. ನಾನು ಹೇಳಲಿದ್ದುದು ಅವಳಿಗೂ ಆಗಲೇ ಗೊತ್ತಾಗಬೇಕಿತ್ತು, ಆಮೇಲಲ್ಲ.